ಮುಂದೇನು ಎಂಬ ಪ್ರಶ್ನೆಯ ಎದುರು: ವೃತ್ತಿ ಮಾರ್ಗದರ್ಶನದ ಒಂದು ಅನುಭವ

(ಕನ್ನಡ ಮಾಧ್ಯಮ ಅಧ್ಯಾಪಕರ ರಜಾಕಾಲದ ತರಬೇತಿ ಶಿಬಿರದಲ್ಲಿ ಪ್ರೌಢಶಾಲಾ ಗಣಿತ ಅಧ್ಯಾಪಕಿಯೊಬ್ಬರು ಮಾಡಿದ ಭಾಷಣದ ಪಠ್ಯ)



ವೃತ್ತಿ ಮಾರ್ಗದರ್ಶನದ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಮೊದಲು ಹಿಂಜರಿದೆ. ಆ ವಿಷಯದಲ್ಲಿ ನಾನು ತಜ್ಞೆಯಲ್ಲ. ಆದರೆ ಮಾರ್ಗದರ್ಶನ ಇಲ್ಲದ ಎರಡು ವರ್ಷಗಳನ್ನೂ ಮಾರ್ಗದರ್ಶನ ದೊರೆತ ಕೆಲವು ವರ್ಷಗಳನ್ನೂ ವಿದ್ಯಾರ್ಥಿಯಾಗಿ ಕಂಡವಳು. ಆ ಎರಡರ ನಡುವಿನ ವ್ಯತ್ಯಾಸವನ್ನು ಹೇಳಬಲ್ಲೆ ಎಂಬ ಧೈರ್ಯದಿಂದ ನಿಮ್ಮೆದುರು ನಿಂತಿದ್ದೇನೆ.

ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಶಾಲೆಗಳಲ್ಲಿ ಒಂದನೆಯ ತರಗತಿಯ ದಾಖಲಾತಿಯ ಸಮಯದಲ್ಲಿ ಹೆತ್ತವರು ಕೇಳುವ ಪ್ರಶ್ನೆ ಒಂದೇ: "ಕನ್ನಡದಲ್ಲಿ ಕಲಿತರೆ ಮುಂದೇನು?" ನಾವು ಸಾಮಾನ್ಯವಾಗಿ ಮಾತೃಭಾಷೆಯ ಮಹತ್ವವನ್ನು ಹೇಳುತ್ತೇವೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಪಡೆಯುವ ಸೌಲಭ್ಯವನ್ನು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನೂ ನೆನಪಿಸುತ್ತೇವೆ. ಅದೆಲ್ಲವೂ ಸತ್ಯ. ಆದರೆ ಆ ತಾಯಿ ಕೇಳಿದ್ದು ಸಂವಿಧಾನದ ವಿಧಿಯನ್ನಲ್ಲ. ತನ್ನ ಮಗಳು ಹತ್ತು ವರ್ಷಗಳ ಬಳಿಕ ಯಾವ ಬಾಗಿಲಿನ ಮುಂದೆ ನಿಲ್ಲುತ್ತಾಳೆ, ಆ ಬಾಗಿಲು ತೆರೆಯುತ್ತದೆಯೇ ಎಂಬುದನ್ನು. ಈ ಪ್ರಶ್ನೆಗೆ ಖಚಿತವಾದ ಉತ್ತರ ನಮ್ಮ ಬಳಿ ಇಲ್ಲದಿದ್ದರೆ ಕನ್ನಡ ಮಾಧ್ಯಮದ ಒಂದೊಂದೇ ಡಿವಿಷನ್ ಕಡಿಮೆಯಾಗುವುದನ್ನು ನೋಡುತ್ತಾ ಕೂರಬೇಕಾಗುತ್ತದೆ.

ಬಾಗಿಲು ಮುಚ್ಚಿದ ಮೇಲೆ ತಿಳಿದದ್ದು

ನನ್ನ ಊರು ಪೈವಳಿಕೆಯ ಒಳಭಾಗದಲ್ಲಿದೆ. ಮನೆಮಾತು ತುಳು. ತಂದೆಯವರು ಅಡಿಕೆ ತೋಟಗಳಲ್ಲಿ ಕೂಲಿ ಕೆಲಸ ಮಾಡುತ್ತಿದ್ದರು, ತಾಯಿ ಬೀಡಿ ಕಟ್ಟುತ್ತಿದ್ದರು. ಹತ್ತನೆಯ ತರಗತಿಯವರೆಗೆ ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಒಂಬತ್ತನೆಯ ತರಗತಿಯಲ್ಲಿ ಕೆಲವು ತಿಂಗಳ ಕಾಲ ಗಣಿತ ಕಲಿಸಲು ಬಂದ ಅಧ್ಯಾಪಕರಿಗೆ ಕನ್ನಡ ತಿಳಿದಿರಲಿಲ್ಲ. ಅವರು ಒಳ್ಳೆಯವರು, ವಿಷಯವನ್ನು ಬಲ್ಲವರು. ಕಪ್ಪುಹಲಗೆಯ ಮೇಲೆ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಆದರೆ "ಏಕೆ ಹೀಗೆ?" ಎಂದು ಕೇಳುವ ಭಾಷೆ ನಮಗೂ ಅವರಿಗೂ ನಡುವೆ ಇರಲಿಲ್ಲ. ಆ ತಿಂಗಳುಗಳಲ್ಲಿ ತರಗತಿಯಲ್ಲಿ ಪ್ರಶ್ನೆ ಕೇಳುವ ಅಭ್ಯಾಸವೇ ನಮ್ಮಿಂದ ತಪ್ಪಿಹೋಯಿತು. ಈ ಅನುಭವವನ್ನು ನಿಮ್ಮಲ್ಲಿ ಅನೇಕರು ಬೇರೆ ಬೇರೆ ರೀತಿಯಲ್ಲಿ ಕಂಡಿರುತ್ತೀರಿ. ದೂರು ಹೇಳುವುದಕ್ಕಾಗಿ ಇದನ್ನು ಪ್ರಸ್ತಾಪಿಸುತ್ತಿಲ್ಲ. ಮುಂದೆ ನಾನು ಮಾಡಿದ ಆಯ್ಕೆಗೆ ಇದು ಕಾರಣವಾಯಿತು ಎಂಬುದರಿಂದ ಹೇಳಿದೆ.

ಪ್ಲಸ್ ಟು ವಿಜ್ಞಾನ ವಿಭಾಗವನ್ನು ಸೇರಿದೆ. ಅಲ್ಲಿ ಪಠ್ಯಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಹತ್ತು ವರ್ಷ ಕನ್ನಡದಲ್ಲಿ ಯೋಚಿಸಿದ ಮಗು ಜೂನ್ ತಿಂಗಳ ಒಂದು ಬೆಳಿಗ್ಗೆ ಇನ್ನೊಂದು ಭಾಷೆಯಲ್ಲಿ ಯೋಚಿಸಬೇಕಾಗುತ್ತದೆ. ಹಾಗೂ ಹೀಗೂ ಎರಡು ವರ್ಷ ಕಳೆದೆ. ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ಒಂದು ಸಂಗತಿ ಕಿವಿಗೆ ಬಿತ್ತು. ಮೈಸೂರಿನಲ್ಲಿ 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎಂಬುದೊಂದಿದೆ. ದಕ್ಷಿಣದ ರಾಜ್ಯಗಳ ವಿದ್ಯಾರ್ಥಿಗಳಿಗೆ ಅಲ್ಲಿ ಬಿ.ಎಸ್ಸಿ. ಮತ್ತು ಬಿ.ಎಡ್. ಒಟ್ಟಾಗಿ ಕಲಿಯುವ ಕೋರ್ಸ್ ಇದೆ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ನಾನು ಇದನ್ನು ಕೇಳುವ ಹೊತ್ತಿಗೆ ಅರ್ಜಿಯ ಕೊನೆಯ ದಿನಾಂಕ ಎಂದೋ ಕಳೆದಿತ್ತು. ಯಾರೂ ನನ್ನಿಂದ ಬಚ್ಚಿಟ್ಟಿರಲಿಲ್ಲ. ಹೇಳಬೇಕಾದವರು ಯಾರೆಂಬುದೇ ನಿಶ್ಚಯವಾಗಿರಲಿಲ್ಲ. ಬಡವರ ಮನೆಯ ಮಕ್ಕಳು ಅವಕಾಶಗಳನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ, ಸದ್ದಿಲ್ಲದೆ.

ಪಟ್ಟಿಯಲ್ಲಿ ಹೆಸರಿಲ್ಲದ ವಿದ್ಯಾರ್ಥಿ

ಅನಂತರ ಕಣ್ಣೂರು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಗಣಿತಕ್ಕೆ ಸೇರಿದೆ. ಮೊದಲ ಸೆಮಿಸ್ಟರಿನಲ್ಲಿ ಎರಡು ಪತ್ರಿಕೆಗಳಲ್ಲಿ ಅನುತ್ತೀರ್ಣಳಾದೆ. ಕಾಲೇಜು ಬಿಟ್ಟು ಉಪ್ಪಳದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರುವ ಬಗ್ಗೆ ಮನೆಯಲ್ಲಿ ಮಾತು ನಡೆಯಿತು. ತಾಯಿ ಒಪ್ಪಲಿಲ್ಲ, ಆದರೆ ಬೇಡವೆನ್ನಲು ಅವರ ಬಳಿ ಕಾರಣವೂ ಇರಲಿಲ್ಲ.

ಕೇರಳದ ಕಾಲೇಜು ಶಿಕ್ಷಣ ಇಲಾಖೆಯು 'ವಾಕ್ ವಿತ್ ಎ ಸ್ಕಾಲರ್' ಎಂಬ ಯೋಜನೆಯೊಂದನ್ನು ನಡೆಸುತ್ತಿರುವುದು ನಿಮಗೆ ತಿಳಿದಿರಬಹುದು. ಪ್ರತಿಭಾವಂತ ಪದವಿ ವಿದ್ಯಾರ್ಥಿಗಳ ಸಣ್ಣ ಗುಂಪುಗಳಿಗೆ ಅಧ್ಯಾಪಕರೊಬ್ಬರು ಮಾರ್ಗದರ್ಶಕರಾಗಿರುತ್ತಾರೆ. ಹೊರಗಿನ ತಜ್ಞರೂ ಬಂದು ಮಾತನಾಡುತ್ತಾರೆ. ಒಳ್ಳೆಯ ಯೋಜನೆ. ಆದರೆ ಉತ್ತಮ ಅಂಕ ಗಳಿಸಿದವರ ಆ ಪಟ್ಟಿಯಲ್ಲಿ ನನ್ನ ಹೆಸರು ಬರುವ ಸಂಭವವೇ ಇರಲಿಲ್ಲ. ನನಗೆ ಮಾರ್ಗದರ್ಶಕರು ದೊರೆತದ್ದು ಯೋಜನೆಯ ಮೂಲಕವಲ್ಲ. ಅನುತ್ತೀರ್ಣರಾದವರ ಉತ್ತರ ಪತ್ರಿಕೆಗಳನ್ನು ಒಬ್ಬ ಅಧ್ಯಾಪಕಿ ಎರಡನೆಯ ಬಾರಿ ಗಮನವಿಟ್ಟು ಓದಿದ್ದರಿಂದ.

ಅವರು ದಕ್ಷಿಣ ಕೇರಳದವರು. ಕನ್ನಡ ಒಂದಕ್ಷರವೂ ತಿಳಿಯದು. ನಾವೆಲ್ಲ ಅವರನ್ನು ಟೀಚರ್ ಎಂದಷ್ಟೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಹೇಳುತ್ತೇನೆ. ಒಂದು ಮಧ್ಯಾಹ್ನ ನನ್ನನ್ನು ವಿಭಾಗದ ಕೊಠಡಿಗೆ ಕರೆದು, "ನಿನ್ನ ಲೆಕ್ಕದ ಕೊನೆಯ ಸಾಲು ಸರಿ ಇದೆ, ನಡುವಿನ ವಾಕ್ಯಗಳು ಇಲ್ಲ. ಏಕೆ?" ಎಂದು ಮಲಯಾಳದಲ್ಲಿ ಕೇಳಿದರು. ನಡುವಿನ ವಾಕ್ಯಗಳು ನನ್ನ ಮನಸ್ಸಿನಲ್ಲಿ ಕನ್ನಡದಲ್ಲಿವೆ, ಅವುಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ ಎಂದೆ. ಹೇಳುವಾಗ ಅಳು ಬಂದಿತ್ತು. ಅವರು ಸಮಾಧಾನದ ಮಾತು ಆಡಲಿಲ್ಲ. ಒಂದು ಹೊಸ ನೋಟ್‌ಬುಕ್ ತೆಗೆದು ಪುಟದ ನಡುವೆ ಗೆರೆ ಎಳೆದರು. ಎಡಗಡೆ ನನ್ನ ಭಾಷೆಯ ಪದ, ಬಲಗಡೆ ಇಂಗ್ಲಿಷ್ ಪದ, ಅದರ ಕೆಳಗೆ ಆ ಪದವನ್ನು ಬಳಸಿದ ಒಂದು ಪೂರ್ಣ ವಾಕ್ಯ. ದಿನಕ್ಕೆ ಐದು.

ನಾನು "ಅವಿಭಾಜ್ಯ ಸಂಖ್ಯೆ" ಎಂದು ಬರೆದೆ. ಅದನ್ನು ಓದಿ ಹೇಳಿಸಿಕೊಂಡು ಅವರು ನಕ್ಕರು. ಮಲಯಾಳದಲ್ಲಿ ಅದು "ಅಭಾಜ್ಯ ಸಂಖ್ಯೆ". ನಮ್ಮ "ಗಣ" ಅವರಿಗೂ "ಗಣ"ವೇ. ನಮ್ಮ "ಬಹುಪದೋಕ್ತಿ" ಅವರಿಗೆ "ಬಹುಪದ". ಶಾಲೆಯಲ್ಲಿ ಕನ್ನಡದಲ್ಲಿ ಗಣಿತ ಕಲಿತದ್ದು ಒಂದು ಕೊರತೆಯೆಂದು ಆ ದಿನದವರೆಗೆ ನಾನು ನಂಬಿದ್ದೆ. ಕಲಿತದ್ದು ಗಣಿತವನ್ನೇ, ಇನ್ನು ಬೇಕಾದದ್ದು ಅದನ್ನು ಹೇಳುವ ಇನ್ನೊಂದು ಪದಸಂಪತ್ತು ಮಾತ್ರ ಎಂಬುದು ಆಗ ತಿಳಿಯಿತು. ಮುಂದಿನ ಮಾರ್ಚ್ ತಿಂಗಳ ಹೊತ್ತಿಗೆ ಆ ನೋಟ್‌ಬುಕ್ ಮುಗಿದಿತ್ತು. ಉಳಿದ ಎರಡು ಪತ್ರಿಕೆಗಳನ್ನೂ ಮರುಪರೀಕ್ಷೆಯಲ್ಲಿ ಮುಗಿಸಿದೆ.

ನಾಲ್ಕು ಅಂಕಣಗಳ ಕಾಗದ

ಎರಡನೆಯ ವರ್ಷದಲ್ಲಿ ಮಾತು ವೃತ್ತಿಯ ಕಡೆಗೆ ತಿರುಗಿತು. "ನೀನು ಮುಂದೆ ಏನಾಗಬೇಕೆಂದಿದ್ದೀ?" ಎಂದು ಟೀಚರ್ ಎಂದೂ ಕೇಳಲಿಲ್ಲ. ಆ ಪ್ರಶ್ನೆಗೆ ನಮ್ಮಂತಹ ಮನೆಗಳ ಮಕ್ಕಳು ಕೇಳಿದವರಿಗೆ ಹಿತವಾಗುವ ಉತ್ತರವನ್ನೇ ಕೊಡುತ್ತಾರೆ. ಅವರು ಕೇಳಿದ್ದು ಬೇರೆ: "ಕಳೆದ ವಾರ ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ನಿನಗೆ ತಿಳಿಯಲಿಲ್ಲ?" ಯೋಚಿಸಿ ನೋಡಿದೆ. ನೆರೆಮನೆಯ ಇಬ್ಬರು ಮಕ್ಕಳಿಗೆ ತೆಂಗಿನಕಾಯಿ ಹೋಳುಗಳನ್ನಿಟ್ಟು ಭಿನ್ನರಾಶಿ ಹೇಳಿಕೊಟ್ಟ ಸಂಜೆ ನೆನಪಾಯಿತು. ಅದನ್ನು ಹೇಳಿದೆ. ಅವರು ಗುರುತು ಮಾಡಿಕೊಂಡರು.

ಆಮೇಲೆ ಒಂದು ಕಾಗದದಲ್ಲಿ ನಾಲ್ಕು ಅಂಕಣಗಳನ್ನು ಹಾಕಿಸಿದರು. ಮೊದಲನೆಯದು ದಾರಿ, ಎರಡನೆಯದು ಬೇಕಾಗುವ ವರ್ಷಗಳು, ಮೂರನೆಯದು ಖರ್ಚು, ನಾಲ್ಕನೆಯದು ಆ ದಾರಿ ಮುಚ್ಚಿಹೋದರೆ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು. ಎಂ.ಎಸ್ಸಿ. ಮತ್ತು ಸಂಶೋಧನೆ, ಬ್ಯಾಂಕ್ ಪರೀಕ್ಷೆ, ಪಿ.ಎಸ್.ಸಿ., ಬಿ.ಎಡ್. ಹೀಗೆ ಒಂದೊಂದಾಗಿ ತುಂಬಿಸಿದೆವು. ನಾಲ್ಕನೆಯ ಅಂಕಣವನ್ನು ತುಂಬಿಸುವುದು ಅತ್ಯಂತ ಕಷ್ಟವಾಗಿತ್ತು. ಹೆಚ್ಚಿನ ವೃತ್ತಿ ಮಾರ್ಗದರ್ಶನ ಶಿಬಿರಗಳಲ್ಲಿ ಆ ಅಂಕಣ ಇರುವುದೇ ಇಲ್ಲ. ಗೆದ್ದವರ ಕಥೆಗಳಷ್ಟೇ ಅಲ್ಲಿ ಕೇಳಿಬರುತ್ತವೆ. ಸಾಲ ಮಾಡಿ ಓದಿಸುವ ಮನೆಗೆ ಬೇಕಾದದ್ದು ಸೋತರೆ ಏನಾಗುತ್ತದೆ ಎಂಬ ಲೆಕ್ಕವೂ ಹೌದು.

ಪಿ.ಎಸ್.ಸಿ.ಯ ಅಂಕಣಕ್ಕೆ ಬಂದಾಗ ಟೀಚರ್ ತಪ್ಪೊಂದನ್ನು ಮಾಡಿದರು. ಕನ್ನಡ ಮಾಧ್ಯಮ ಎಂದು ಬೇರೆ ಹುದ್ದೆಗಳಿಲ್ಲ, ಎಲ್ಲರೊಂದಿಗೆ ಸ್ಪರ್ಧಿಸಬೇಕು ಎಂದು ಹೇಳಿದರು. ಕಾಸರಗೋಡು ಜಿಲ್ಲೆಗೆ ಎಲ್.ಪಿ., ಯು.ಪಿ. ಹಾಗೂ ಪ್ರೌಢಶಾಲಾ ವಿಷಯಾಧ್ಯಾಪಕರ ಹುದ್ದೆಗಳಲ್ಲಿ ಕನ್ನಡ ಮಾಧ್ಯಮಕ್ಕೆಂದೇ ಪ್ರತ್ಯೇಕ ಅಧಿಸೂಚನೆಗಳು ಬರುತ್ತವೆ. ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗಾಗಿ ಗುಮಾಸ್ತ ಹುದ್ದೆಗಳೂ ಇರುತ್ತವೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಊರಿನ ನಿವೃತ್ತ ಅಧ್ಯಾಪಕರೊಬ್ಬರಿಂದ ಇದನ್ನು ಕೇಳಿಕೊಂಡು ಬಂದು ನಾನೇ ಅವರಿಗೆ ಹೇಳಿದೆ. ಅವರು ಕಾಗದದಲ್ಲಿ ಬರೆದದ್ದನ್ನು ನನ್ನೆದುರೇ ಹೊಡೆದು ಹಾಕಿ, "ನನಗೆ ಗೊತ್ತಿರಲಿಲ್ಲ. ಆ ಮಾಸ್ತರರ ಬಳಿ ನೀನು ಇನ್ನೊಮ್ಮೆ ಹೋಗು, ಎಲ್ಲವನ್ನೂ ಕೇಳಿಕೊಂಡು ಬಾ" ಎಂದರು. ತಿಳಿಯದು ಎಂದು ವಿದ್ಯಾರ್ಥಿಯ ಮುಂದೆ ಒಪ್ಪಿಕೊಳ್ಳುವ ಅಧ್ಯಾಪಕರ ಮೇಲೆ ನಂಬಿಕೆ ಕಡಿಮೆಯಾಗುತ್ತದೆಂದು ನಾವು ಭಯಪಡುತ್ತೇವೆ. ನನ್ನ ವಿಷಯದಲ್ಲಿ ಆ ದಿನದಿಂದ ಅವರು ಹೇಳಿದ ಉಳಿದ ಮಾತುಗಳ ಮೇಲೆ ನನಗೆ ನಂಬಿಕೆ ಹೆಚ್ಚಾಯಿತು.

ಭಿನ್ನಾಭಿಪ್ರಾಯ

ನಾನು ಎಂ.ಎಸ್ಸಿ. ಮುಗಿಸುವವರೆಗೂ ಟೀಚರ್ ಅವರ ಸಂಪರ್ಕ ತಪ್ಪಲಿಲ್ಲ. ನಾನು ಸಂಶೋಧನೆಗೆ ಹೋಗಬೇಕೆಂಬುದು ಅವರ ಆಸೆ. ನೆಟ್ ಪರೀಕ್ಷೆಗೆ ಓದುವ ಕ್ರಮವನ್ನೂ ಹಾಕಿಕೊಟ್ಟಿದ್ದರು. ನಾನು ಬಿ.ಎಡ್. ಸೇರುತ್ತೇನೆಂದಾಗ ಅವರಿಗೆ ಬೇಸರವಾಯಿತು. "ಮನೆಯ ಕಷ್ಟಕ್ಕಾಗಿ ಹೀಗೆ ಮಾಡುತ್ತಿದ್ದೀಯಾ?" ಎಂದು ನೇರವಾಗಿ ಕೇಳಿದರು. ಅದೂ ಒಂದು ಕಾರಣ, ಸುಳ್ಳು ಹೇಳಲಾರೆ. ಬೀಡಿ ಕಟ್ಟುತ್ತಿದ್ದ ತಾಯಿಯ ಬೆನ್ನು ನೋವು ಹೆಚ್ಚಾಗಿತ್ತು. ಆದರೆ ಒಂಬತ್ತನೆಯ ತರಗತಿಯ ಆ ತಿಂಗಳುಗಳನ್ನೂ ಅವರಿಗೆ ಹೇಳಿದೆ. ಕನ್ನಡದಲ್ಲಿ ಗಣಿತವನ್ನು "ಏಕೆ" ಎಂದು ಕೇಳಿಸಿಕೊಂಡು ಕಲಿಸಬಲ್ಲ ಅಧ್ಯಾಪಕರು ನಮ್ಮ ಊರಿಗೆ ಬೇಕು, ಸಂಶೋಧನೆ ಮಾಡಬಲ್ಲವರು ಬೇರೆಯವರಿದ್ದಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುವಾರ ಕೆ-ಟೆಟ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದುಕೊಟ್ಟರು. 150 ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಒಂದನ್ನೂ ಬಿಡಬಾರದು ಎಂದು ಹೇಳಿಕೊಟ್ಟರು. ತಮಗೆ ಒಪ್ಪಿಗೆಯಾಗದ ದಾರಿಯಲ್ಲಿ ಹೊರಟ ವಿದ್ಯಾರ್ಥಿನಿಗೆ ಅವರು ಬುತ್ತಿ ಕಟ್ಟಿಕೊಟ್ಟರು. ಮಾರ್ಗದರ್ಶನದ ಕುರಿತು ನಾನು ಕಲಿತ ಪಾಠಗಳಲ್ಲಿ ದೊಡ್ಡದು ಇದು.

ನಮ್ಮ ಪರಂಪರೆಯಲ್ಲಿ ಇದು ಹೊಸತಲ್ಲ

"ಮುಂದೆ ಗುರಿ, ಹಿಂದೆ ಗುರು" ಎಂಬ ಮಾತು ನಮ್ಮಲ್ಲಿದೆ. ಗುರುವಿನ ಸ್ಥಾನ ಹಿಂದೆ ಎಂಬುದನ್ನು ಗಮನಿಸಬೇಕು. ಎಳೆದುಕೊಂಡು ಹೋಗುವುದು ಆತನ ಕೆಲಸವಲ್ಲ. ಹೊಸಗನ್ನಡ ಸಾಹಿತ್ಯದ ಚರಿತ್ರೆಯಲ್ಲಿಯೇ ಇದಕ್ಕೆ ಉದಾಹರಣೆಗಳಿವೆ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ಅವರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಆ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಸೂಚಿಸಿದರು. ಎಂ.ಎ.ಗೆ ಯಾವ ವಿಷಯ ಎಂಬ ಪ್ರಶ್ನೆ ಬಂದಾಗ ಕನ್ನಡದತ್ತ ಅವರನ್ನು ಒಲಿಸಿದವರು ಅಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರು. ಕನ್ನಡ ಎಂ.ಎ. ಆಗ ಹೊಸದು; ಅದನ್ನು ಓದಿದರೆ ಮುಂದೇನು ಎಂಬ ಪ್ರಶ್ನೆ ಆ ದಿನಗಳಲ್ಲಿಯೂ ಇತ್ತು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಒಬ್ಬರು ಪರಭಾಷೆಯವರು, ಒಮ್ಮೆ ಭೇಟಿಯಾಗಿ ಒಂದು ಮಾತು ಹೇಳಿದವರು. ಇನ್ನೊಬ್ಬರು ಜೊತೆಯಲ್ಲಿಯೇ ಇದ್ದು ನಡೆಸಿದವರು. ವಿದ್ಯಾರ್ಥಿಗೆ ಎರಡೂ ಬೇಕಾಗುತ್ತವೆ.

ನಮ್ಮ ಜಿಲ್ಲೆಯಲ್ಲಿಯೂ ನೋಡಿ. ಮಂಜೇಶ್ವರದ ಗೋವಿಂದ ಪೈಗಳಿಗೆ ಮಂಗಳೂರಿನ ಶಾಲಾದಿನಗಳಲ್ಲಿ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿದ್ದರು. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ಕಯ್ಯಾರ ಕಿಞ್ಞಣ್ಣ ರೈಗಳನ್ನು ನಾಡು ಕವಿಯೆಂದೂ ಹೋರಾಟಗಾರರೆಂದೂ ನೆನೆಯುತ್ತದೆ. ಅವರ ಶಿಷ್ಯರಿಗೆ ಅವರು ಮೊದಲು ಮಾಸ್ತರರು. ಶಾಲಾ ಅಧ್ಯಾಪಕರ ವೃತ್ತಿಗೆ ಈ ನೆಲದಲ್ಲಿ ಇಂಥ ಹಿನ್ನೆಲೆಯಿದೆ.

ನಾವು ಮಾಡಬಹುದಾದದ್ದು

ಇನ್ನು ನನ್ನ ಅನುಭವದಿಂದ ಹೊರಟ ಕೆಲವು ಸೂಚನೆಗಳನ್ನು ನಿಮ್ಮ ಪರಿಶೀಲನೆಗೆ ಇಡುತ್ತೇನೆ.

ಮೊದಲನೆಯದಾಗಿ, ಎರಡು ಅಂಕಣಗಳ ಪದಪುಸ್ತಕ. ಇದನ್ನು ಎಂಟನೆಯ ತರಗತಿಯಿಂದಲೇ ಆರಂಭಿಸಬಹುದು. ನನ್ನ ತರಗತಿಯಲ್ಲಿ ಪ್ರತಿ ಪಾಠದ ಕೊನೆಗೆ ಐದು ಪದಗಳು: ಪ್ರಮೇಯ, ಸಮಬಾಹು ತ್ರಿಭುಜ ಎಂದು ಕನ್ನಡದಲ್ಲಿ ಚೆನ್ನಾಗಿ ತಿಳಿದ ಮೇಲೆ ಅವುಗಳ ಇಂಗ್ಲಿಷ್ ಹೆಸರನ್ನು ಬರೆಸುತ್ತೇನೆ. ಕನ್ನಡದ ತಿಳಿವಳಿಕೆ ಮೊದಲು, ಇಂಗ್ಲಿಷ್ ಹೆಸರು ಅನಂತರ. ಈ ಕ್ರಮ ತಲೆಕೆಳಗಾಗಬಾರದು.

ಎರಡನೆಯದಾಗಿ, ದಿನಾಂಕಗಳ ಫಲಕ. ಹತ್ತನೆಯ ತರಗತಿ ಬಿಟ್ಟವರೂ ಬಂದು ನೋಡಬಹುದಾದಂತೆ ಶಾಲೆಯಲ್ಲಿ ಒಂದು ಸೂಚನಾಫಲಕವನ್ನು ಇದಕ್ಕಾಗಿ ಮೀಸಲಿಡಬೇಕು. ನಮ್ಮ ಮಕ್ಕಳಿಗೆ ಮಾತ್ರ ಅನ್ವಯಿಸುವ ಸೂಕ್ಷ್ಮ ಸಂಗತಿಗಳಿವೆ. ರಾಜ್ಯಮಟ್ಟದ ಮಾರ್ಗದರ್ಶನ ಕೈಪಿಡಿಗಳಲ್ಲಿ ಅವು ಎದ್ದು ಕಾಣುವುದಿಲ್ಲ. ಉದಾಹರಣೆಗೆ, ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿದೆ. ಆದರೆ ಕನ್ನಡದ ಪತ್ರಿಕೆ ದೊರೆಯುವುದು ಕರ್ನಾಟಕದ ಪರೀಕ್ಷಾಕೇಂದ್ರಗಳಲ್ಲಿ ಮಾತ್ರ. ಕನ್ನಡದಲ್ಲಿ ಬರೆಯಬೇಕೆನ್ನುವ ಮಂಜೇಶ್ವರದ ಮಗು ಅರ್ಜಿ ತುಂಬುವಾಗಲೇ ಮಂಗಳೂರಿನಂತಹ ಕೇಂದ್ರವನ್ನು ಆರಿಸಬೇಕು. ಪ್ಲಸ್ ಟುವಿನಲ್ಲಿ ಇಂಗ್ಲಿಷ್ ಪುಸ್ತಕ ಓದಿದ ಮೇಲೆ ಕನ್ನಡ ಪತ್ರಿಕೆ ಆ ಮಗುವಿಗೆ ಅನುಕೂಲವೋ ಅನನುಕೂಲವೋ ಎಂಬುದನ್ನೂ ಕೂಡಿ ಕುಳಿತು ಯೋಚಿಸಬೇಕು. ಹಾಗೆಯೇ ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದೆ. ಅವರು ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆಯಬೇಕಾಗುತ್ತದೆ. ನಿಯಮಗಳು ಬದಲಾಗುತ್ತಿರುವುದರಿಂದ ಪ್ರತಿವರ್ಷದ ಅಧಿಸೂಚನೆಯನ್ನು ನಾವೇ ಓದಿ ಫಲಕಕ್ಕೆ ಹಾಕಬೇಕು; ಕೇಳಿದ ಮಾತನ್ನು ಹಾಕಬಾರದು.

ಮೂರನೆಯದಾಗಿ, ಹಳೆ ವಿದ್ಯಾರ್ಥಿಗಳ ಪಟ್ಟಿ. ನಮ್ಮ ಶಾಲೆಯಿಂದ ಹೋದವರಲ್ಲಿ ನರ್ಸ್ ಇದ್ದಾರೆ, ಎಲೆಕ್ಟ್ರಿಷಿಯನ್ ಇದ್ದಾರೆ, ಬ್ಯಾಂಕಿನವರು, ಪತ್ರಕರ್ತರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಇದ್ದಾರೆ. ಅವರ ಒಪ್ಪಿಗೆ ಪಡೆದು ಪಟ್ಟಿ ಮಾಡಿಟ್ಟುಕೊಂಡರೆ, ನಮಗೆ ತಿಳಿಯದ ಪ್ರಶ್ನೆ ಬಂದಾಗ ಮಗುವನ್ನು ತಿಳಿದವರ ಬಳಿಗೆ ಕಳುಹಿಸಬಹುದು. ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ಕರಿಯರ್ ಗೈಡೆನ್ಸ್ ಘಟಕಗಳಿವೆ. ನಮ್ಮ ಮಕ್ಕಳು ಅಲ್ಲಿಗೆ ಹೋದಾಗ ಆ ಅಧ್ಯಾಪಕರಿಗೆ ಒಂದು ಕರೆ ಮಾಡಿ, ಈ ಮಗು ಕನ್ನಡ ಮಾಧ್ಯಮದಿಂದ ಬಂದದ್ದು ಎಂದು ತಿಳಿಸುವುದು ದೊಡ್ಡ ಕೆಲಸವೇನಲ್ಲ.

ನಾಲ್ಕನೆಯದು, ಸಮಯ. ಬೀಳ್ಕೊಡುಗೆಯ ದಿನ ನಾವು ಹೇಳುವ ಹಿತವಚನ ಮಗುವಿನ ಕಿವಿಗೆ ತಲುಪುವುದು ಕಡಿಮೆ. ಅದಕ್ಕೆ ನಮ್ಮ ಅಗತ್ಯ ಬೀಳುವುದು ಪ್ಲಸ್ ಒನ್ ಸೇರಿ ಎರಡು ತಿಂಗಳಾದಾಗ, ಮೊದಲ ಪರೀಕ್ಷೆಯಲ್ಲಿ ಅಂಕ ಕುಸಿದಾಗ. ಓಣಂ ರಜೆಯಲ್ಲಿ ಕಳೆದ ವರ್ಷದ ಮಕ್ಕಳನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆಸಿ ಮಾತನಾಡಿಸುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಬರುವವರು ಕೆಲವರೇ. ಬಾರದವರ ಮನೆಗೆ ಫೋನ್ ಮಾಡುತ್ತೇನೆ. ಹೆಚ್ಚಾಗಿ ಅವರಿಗೇ ನಮ್ಮ ಅಗತ್ಯ ಹೆಚ್ಚು ಇರುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ನಾನು ಅಧ್ಯಾಪಕಿಯಾದೆ ಎಂಬ ಕಾರಣಕ್ಕೆ ನನ್ನ ವಿದ್ಯಾರ್ಥಿಗಳೆಲ್ಲ ಅಧ್ಯಾಪಕರಾಗಬೇಕೆಂದು ನಾನು ಬಯಸಬಾರದು. ಕನ್ನಡ ಉಳಿಸುವ ಭಾರವನ್ನು ಹದಿನೈದು ವರ್ಷದ ಮಗುವಿನ ಹೆಗಲಿಗೆ ಹಾಕಿ ಅದರ ದಾರಿಯನ್ನು ನಾವು ನಿರ್ಧರಿಸುವುದೂ ಅನ್ಯಾಯವೇ. ಮಗು ತನ್ನ ದಾರಿಯನ್ನು ತಿಳಿದು ಆರಿಸಿಕೊಂಡು ಮುಂದೆ ಸಾಗಿದರೆ, ಅದು ಕನ್ನಡ ಮಾಧ್ಯಮದಲ್ಲಿ ಕಲಿತದ್ದೆಂಬುದನ್ನು ಊರು ತಾನಾಗಿಯೇ ನೋಡುತ್ತದೆ.

ಕಳೆದ ಜೂನ್ ತಿಂಗಳಲ್ಲಿ ಒಬ್ಬ ತಾಯಿ ಎಂದಿನಂತೆ ಅದೇ ಪ್ರಶ್ನೆಯನ್ನು ಕೇಳಿದರು. ನಾನು ಅವರನ್ನು ಫಲಕದ ಬಳಿಗೆ ಕರೆದುಕೊಂಡು ಹೋಗಿ, ಹಳೆ ವಿದ್ಯಾರ್ಥಿಗಳ ಪಟ್ಟಿಯನ್ನು ಒಂದೊಂದಾಗಿ ಓದಿ ಹೇಳಿದೆ. ಅದರಲ್ಲಿ ಒಬ್ಬಳು ಅವರ ನೆರೆಮನೆಯವಳು. "ಅವಳೂ ಇಲ್ಲಿಯೇ ಕಲಿತದ್ದೋ?" ಎಂದು ಆಶ್ಚರ್ಯಪಟ್ಟರು. ಮಗುವನ್ನು ಕನ್ನಡ ಡಿವಿಷನ್‌ಗೆ ಸೇರಿಸಿ ಹೋದರು. ಪ್ರತಿಯೊಬ್ಬರೂ ಹಾಗೆ ಸೇರಿಸುತ್ತಾರೆಂದು ನಾನು ಹೇಳಲಾರೆ. ಆದರೆ ಆ ದಿನ ನನ್ನ ಬಳಿ ಉತ್ತರವಿತ್ತು.